ಕರಗದ ಪೊರೆ

ಬೇಸಿಗೆ ಕಾಲಿಟ್ಟಿತ್ತು, ಉಣ್ಣೆ ಕತ್ತರಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ದೊಡ್ಡಿಯ ನೆರಳಿನಲ್ಲಿ ಅವಳು ಕುರಿಯನ್ನು ಕೆಡವಿಕೊಂಡು ಹೊಟ್ಟೆಯ ಕಡೆಯಿಂದ ಕತ್ತರಿ ಆಡಿಸುತ್ತಿದ್ದಳು. ಗಂಡ ಎದುರಿಗೆ ಕೂತು ಕುರಿಯ ಕಾಲುಗಳನ್ನು ಒತ್ತಿ ಹಿಡಿದಿದ್ದ. ಹೋದ ವರ್ಷದವರೆಗೂ ಕತ್ತರಿ ಅವನ ಕೈಯಲ್ಲಿರುತ್ತಿತ್ತು. ಹೊಟ್ಟೆಯೊಳಗೆ ಗಡ್ಡೆ ಬೆಳೆದ ಮೇಲೆ ಇಷ್ಟೇ ಅವನ ಪಾಲಿಗೆ ಉಳಿದದ್ದು.

“ಇಷ್ಟು ದಿನ ನಿನ್ನ ಕಾಲು ಹಿಡಿದಿದ್ದಾಯ್ತು. ಈಗ ಕುರಿ ಕಾಲೂ ಹಿಡಿಯೋ ಹಾಗಾಯ್ತು,” ಎಂದ.

“ಕುರೀನಾದ್ರೂ ಸುಮ್ಮನಿದೆ. ನೀವೂ ಸ್ವಲ್ಪ ಸುಮ್ಮನಿರಿ.”

ಉಣ್ಣೆ ಕಳಚಿದ ಕುರಿಯ ಬೆನ್ನಿಗೆ ಅವನು ಗುರುತಿನ ಹಳದಿ ಬಣ್ಣ ಬಳಿದು ಬಿಟ್ಟ. ಆ ಬಣ್ಣಕ್ಕೇ ಈಚೆಗೆ ಇಬ್ಬರಿಗೂ ಜಟಾಪಟಿ. ಅವನ ಅಂಗೈ, ಕತ್ತು, ಹಣೆಯೆಲ್ಲ ಹಳದಿ. ದಿನಾ ಸಂಜೆ ಅವಳು ಅವನನ್ನು ಕೂರಿಸಿಕೊಂಡು, ಒರಟು ಬಟ್ಟೆಗೆ ಸೋಪು ಹಚ್ಚಿ ಚರ್ಮ ಕಿತ್ತುಬರುವ ಹಾಗೆ ಉಜ್ಜುತ್ತಿದ್ದಳು. ಕುರಿಗಿಂತ ನಿಮ್ಮ ಮೈಗೇ ಜಾಸ್ತಿ ಬಳ್ಕೊಂಡಿದೀರಿ ಎಂದು ಬೈಯುತ್ತಿದ್ದಳು.

ಡಾಕ್ಟರಮ್ಮ ತಾನೇ ದೊಡ್ಡಿಗೆ ಬಂದಾಗ ಇಬ್ಬರಿಗೂ ಗಾಬರಿಯಾಯಿತು. ಅವನಿಗೆ ಹೊಸ ಸೂಜಿ ಕೊಡುತ್ತಿದ್ದವಳು ಅವಳೇ. ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಪೊರೆಯೊಳಗಿಟ್ಟು ನೇರ ಗಡ್ಡೆಗೆ ಕಳಿಸುವ ಚಿಕಿತ್ಸೆ, ಇನ್ನೂ ಪ್ರಯೋಗದಲ್ಲಿತ್ತು. ಕೆಲಸ ಮುಗಿದ ಮೇಲೆ ಪೊರೆ ತಾನಾಗಿ ಕರಗಿಹೋಗುತ್ತದೆ ಎಂದಿದ್ದಳು.

ಅವನ ಮುಖ ನೋಡಿ ಡಾಕ್ಟರಮ್ಮ ನಿಂತಲ್ಲೇ ನಿಂತಳು.

“ಕುರಿಗೆ ಹಚ್ಚೋ ಬಣ್ಣ ಡಾಕ್ಟರಮ್ಮ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ,” ಎಂದಳು ಹೆಂಡತಿ.

ಡಾಕ್ಟರಮ್ಮ ಬಗ್ಗಿ, ಹೆಬ್ಬೆರಳಿನಿಂದ ಅವನ ಕೆಳರೆಪ್ಪೆ ಎಳೆದಳು. ಕಣ್ಣಿನ ಬಿಳಿಯೂ ಹಳದಿ. ಅಲ್ಲಿಗೆ ಬಣ್ಣ ಹೇಗೆ ಹೋದೀತು? ಹೆಂಡತಿ ಕತ್ತರಿ ಕೆಳಗಿಟ್ಟಳು.

“ರಕ್ತದ ವರದಿ ನೋಡಿದೆ. ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ,” ಎಂದಳು ಡಾಕ್ಟರಮ್ಮ. “ಗಡ್ಡೆ ಕರಗಿದೆ. ಪೊರೆ ಕರಗಿಲ್ಲ. ಇಲಿಗಳ ಮೈಯಲ್ಲಿ ಕರಗಿತ್ತು. ನಿಮ್ಮ ಲಿವರ್‌ಗೆ ಹೋಗಿ ಸೇರ್ಕೊಂಡಿದೆ. ಇನ್ನೂ ಇಬ್ಬರಿಗೆ ಹೀಗೇ ಆಗಿದೆ. ಸೂಜಿ ನಿಲ್ಲಿಸಿದೀವಿ.”

“ನೆಂಟ ಹೋದ, ಅವನ ಗಾಡಿ ನಮ್ಮ ಅಂಗಳದಲ್ಲೇ ನಿಂತಿದೆ ಅನ್ನಿ,” ಎಂದ ಅವನು.

“ತೆಗೆಯೋಕಾಗಲ್ವಾ?” ಎಂದಳು ಹೆಂಡತಿ.

“ಇಲ್ಲಮ್ಮ. ಲಿವರ್ ಹೆಚ್ಚು ದಿನ ತಡೆಯಲ್ಲ.”

ಅವತ್ತು ಸಂಜೆ ಅವನು ಅಭ್ಯಾಸದಂತೆ ಎರಡೂ ಕೈ ಚಾಚಿ ಕೂತ. ಅವಳು ಸೋಪು ತರಲಿಲ್ಲ. ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಇಷ್ಟು ದಿನ ಉಜ್ಜುವಾಗ ನೋಯ್ತಿತ್ತಾ?”

“ನೋಯ್ತಿತ್ತು. ಹೇಳಿದ್ರೆ ಬಿಡ್ತಿದ್ಯಾ?”

ಅವಳು ಅವನ ಅಂಗೈಯನ್ನು ಮೆಲ್ಲಗೆ ಸವರಿದಳು. ಅವನೇ ಮಾತು ತಿರುಗಿಸಿದ. “ಪಕ್ಕದವನಿಗೆ ಒಂದು ದಿನದ ಮುಯ್ಯಿ ಕೆಲಸ ಬಾಕಿ ಇದೆ ಕಣೇ. ನಾನು ಆಸ್ಪತ್ರೇಲಿದ್ದಾಗ ಬಂದು ನಮ್ಮ ದೊಡ್ಡೀಲಿ ದುಡಿದ. ಅವನ ಕುರಿ ಉಣ್ಣೆ ತೆಗೆಯೋ ದಿನ ನಾನೇ ಹೋಗ್ತೀನಿ. ನೀನು ಅಡ್ಡ ಬರಬೇಡ.”

“ಹೋಗೀರಂತೆ,” ಎಂದಳು.

ಪಕ್ಕದವನು ಉಣ್ಣೆ ತೆಗೆಯುವ ಹೊತ್ತಿಗೆ ಅವನನ್ನು ಮಣ್ಣು ಮಾಡಿ ಆಗಿತ್ತು. ಅವಳು ಕತ್ತರಿ ಹಿಡಿದು ಬೆಳಗ್ಗೆಯೇ ಹೋಗಿ ನಿಂತಳು.

“ಅತ್ತಿಗೆ, ಇದೇನು? ಅಣ್ಣನ ಹತ್ರ ನಾನು ಮುಯ್ಯಿ ಲೆಕ್ಕ ಇಟ್ಟಿದ್ನಾ?”

“ನೀನಿಡದಿದ್ರೆ ಅವರು ಇಟ್ಟಿದ್ರು. ಕುರಿ ಹಿಡಿ.”

ಬಿಸಿಲು ಇಳಿಯುವವರೆಗೆ ಅವಳು ಬಗ್ಗಿದ ಬೆನ್ನು ಎತ್ತಲಿಲ್ಲ. ಕೊನೆಯ ಕುರಿಯನ್ನು ಪಕ್ಕದವನು ಎಳೆದು ತಂದಾಗ ಕತ್ತರಿಯನ್ನು ಸೆರಗಿಗೆ ಒರೆಸಿ ಮುಚ್ಚಿದಳು.

“ಇದೊಂದು ಇರಲಿ.”

“ಸುಸ್ತಾಯ್ತಾ? ಬಿಡಿ, ನಾನು ಮಾಡ್ಕೋತೀನಿ.”

“ನೀನೂ ಮುಟ್ಟಬೇಡ. ನಾನೇ ಬರ್ತೀನಿ ಅಂದಿದ್ರು. ಇಷ್ಟಾದ್ರೂ ಅವರ ಬಾಕಿ ಉಳೀಲಿ.”

ಪಕ್ಕದವನು ದೊಡ್ಡಿಯ ಬಾಗಿಲು ತೆಗೆದ. ಬೋಳು ಮೈಯ ಕುರಿಗಳು ಹಗುರಾಗಿ ಹಾರಿಕೊಂಡು ಹೋದವು. ಅವುಗಳ ಹಿಂದೆ, ಮೈತುಂಬ ಉಣ್ಣೆ ಹೊತ್ತ ಒಂದೇ ಒಂದು ಕುರಿ ನಿಧಾನವಾಗಿ ನಡೆಯಿತು.