ಅಂಬೆಗಾಲಿನ ಮಾವ

ಎದ್ದು ನಿಂತಾಗ ನನ್ನ ಸೋದರಮಾವ ಯಾರದೋ ಕಾಲುಗಳನ್ನು ಕಡ ತಂದು ಜೋಡಿಸಿಕೊಂಡವರಂತೆ ಕಾಣುತ್ತಿದ್ದರು. ಬೀದಿಯಲ್ಲಿ ನಡೆಯುವಾಗ ಭುಜ ಒಂದು ಕಡೆ, ಸೊಂಟ ಒಂದು ಕಡೆ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ ತುರುಕುವರು, ಒಮ್ಮೆ ಬೆನ್ನ ಹಿಂದೆ ಕಟ್ಟುವರು. ಆದರೆ ನೆಲಕ್ಕೆ ಬಾಗಿ, ಅಂಗೈ ಮಂಡಿಗಳನ್ನೂರಿ ಹೊರಟರೆಂದರೆ ಆ ದೇಹಕ್ಕೆ ಎಲ್ಲಿಂದಲೋ ಒಂದು ಲಾವಣ್ಯ ಇಳಿದು ಬರುತ್ತಿತ್ತು. ಮಾವನ ಕಸುಬು ನೆಲ ಹಾಕುವುದು. ಇನ್ನೂ ಯಾರೂ ವಾಸಕ್ಕೆ ಬಾರದ ಕೋಣೆಗಳ ನಸುಬೆಳಕಿನಲ್ಲಿ, ಹಸಿ ಸಿಮೆಂಟಿನ ತಂಪು ವಾಸನೆಯ ನಡುವೆ, ಎಡಗೈಯ ಜೊತೆಗೆ ಬಲಮಂಡಿ, ಬಲಗೈಯ ಜೊತೆಗೆ ಎಡಮಂಡಿ ಎಂಬಂತೆ ಸದ್ದಿಲ್ಲದೆ ಸರಿಯುವ ಅವರನ್ನು ನೋಡುತ್ತಿದ್ದರೆ, ತಿಳಿನೀರಿನ ತಳದಲ್ಲಿ ಯಾವುದೋ ಜೀವ ಈಜುತ್ತಿದೆಯೆಂಬ ಭ್ರಮೆ ಮೆಲ್ಲನೆ ಕವಿಯುತ್ತಿತ್ತು.

ಅವರಿಗಿದ್ದದ್ದು ಒಂದೇ ಕೋಟು, ಅದಕ್ಕೆ ತೋಳುಗಳಿರಲಿಲ್ಲ. ಮಂಡಿ ಸವೆಯುತ್ತದೆಂದು ಅತ್ತೆ ಆ ತೋಳುಗಳನ್ನು ಕತ್ತರಿಸಿ, ಒಳಗೆ ಹತ್ತಿ ತುಂಬಿ, ಮಂಡಿಗೆ ಕಟ್ಟುವ ಪಟ್ಟಿ ಹೊಲಿದಿದ್ದರು. ಯಾರ ಮನೆಗೆ ಹೋಗುವುದಿದ್ದರೂ ಮಾವ ಅದೇ ಕೋಟನ್ನು ಗಂಭೀರವಾಗಿ ತೊಟ್ಟು ಹೊರಡುವರು. ಯಾರಾದರೂ ಕೇಳಿದರೆ, “ತೋಳು ಕೆಲಸಕ್ಕೆ ಹೋಗಿವೆ, ಅಲ್ಲಿಗಾಯ್ತು” ಎನ್ನುವರು. ಎಂಥ ಮಾತನ್ನೂ “ಅಲ್ಲಿಗಾಯ್ತು” ಎಂದು, ಸಿಮೆಂಟು ಸವರುವ ಕರಣೆಯಿಂದ ಅಂಚು ಒರೆಸಿದಂತೆ ಮುಗಿಸುವುದು ಅವರ ರೂಢಿ.

ನಾನು ಆಗ ಒಂದು ಸಂಶೋಧನಾಲಯದಲ್ಲಿ ವರದಿ ತಿದ್ದುವ ಕೆಲಸದಲ್ಲಿದ್ದೆ. ಅಲ್ಲಿ ಸಂಶೋಧಕಿಯೊಬ್ಬರು ಮನುಷ್ಯರು ಅಂಬೆಗಾಲಿಡುವಾಗ ಕೈಕಾಲುಗಳು ಪರಸ್ಪರ ಹೊಂದಿಕೊಳ್ಳುವ ಬಗೆಯನ್ನು ಬೆಕ್ಕು, ಕುದುರೆಗಳಂಥ ಚತುಷ್ಪಾದಿಗಳ ನಡಿಗೆಯೊಡನೆ ಹೋಲಿಸುತ್ತಿದ್ದರು. ಮಕ್ಕಳು ಧಾರಾಳವಾಗಿ ಸಿಗುತ್ತಿದ್ದರು, ತೊಂದರೆಯೆಲ್ಲ ದೊಡ್ಡವರದು. ಅಂಬೆಗಾಲಿಡಿ ಎಂದರೆ ಅವರು ನಾಚುವರು, ಯೋಚಿಸುವರು, ಯೋಚಿಸಿದೊಡನೆ ತೊಡರಿಕೊಳ್ಳುವರು. “ಅಂಬೆಗಾಲು ಮರೀದೇ ಇರೋ ದೊಡ್ಡವರು ಒಬ್ರಾದ್ರೂ ಸಿಕ್ಕಿದ್ರೆ” ಎಂದು ಆಕೆ ನಿಟ್ಟುಸಿರಿಟ್ಟಾಗ ನನಗೆ ಮಾವನಲ್ಲದೆ ಇನ್ನಾರು ನೆನಪಾಗಬೇಕು?

“ನನ್ನೇನು ಕುದುರೆ ಅಂದ್ಕೊಂಡ್ಯಾ?” ಎಂದರು ಮಾವ.

ಅತ್ತೆ ಅಡುಗೆಮನೆಯಿಂದಲೇ, “ಕುದುರೆ ಆಗಿದ್ರೆ ನೆಟ್ಟಗೆ ನಿಲ್ಲೋದಾದ್ರೂ ಬರ್ತಿತ್ತು. ಹೋಗ್ಬನ್ನಿ” ಎಂದರು.

ಮಾವ ಕೋಟು ತೊಟ್ಟು ಸಂಶೋಧನಾಲಯಕ್ಕೆ ಬಂದರು. ಮಣಿಕಟ್ಟು, ಮೊಣಕೈ, ಮಂಡಿಗಳಿಗೆ ಚಲನೆ ಅಳೆಯುವ ಹೊಳೆಯುವ ಬಿಲ್ಲೆಗಳನ್ನು ಅಂಟಿಸಿ, ನಿಧಾನವಾಗಿ ಹಿಂದಕ್ಕೆ ಸರಿಯುವ ಅಗಲವಾದ ಪಟ್ಟಿಯ ಮೇಲೆ ಅವರನ್ನು ಬಿಟ್ಟರು. ಮಾವ ಮುಂದೆ ಸಾಗಿದರು, ಪಟ್ಟಿ ಹಿಂದೆ ಸಾಗಿತು. ಇದ್ದಲ್ಲೇ ಇದ್ದು ತೇಲುತ್ತಿರುವವರಂತೆ ಕಂಡರು. ಸಂಶೋಧಕಿ ಉಸಿರು ಬಿಗಿಹಿಡಿದು ನೋಡುತ್ತಿದ್ದವರು ತಡೆಯಲಾರದೆ ಕೇಳಿದರು: “ಮೊದಲು ಏನನ್ನ ಎತ್ತುತ್ತೀರಿ? ಕೈನೋ, ಮಂಡೀನೋ?”

ಮಾವ ಯೋಚಿಸಿದರು. ಬಲಗೈ ಗಾಳಿಯಲ್ಲೇ ನಿಂತಿತು, ಬಲಮಂಡಿಯೂ ಎದ್ದಿತು, ಮರುಕ್ಷಣ ಅವರು ಭುಜದ ಮೇಲೆ ಉರುಳಿ ಬಿದ್ದಿದ್ದರು. ಪಟ್ಟಿ ಅವರನ್ನು ಸಾಮಾನಿನ ಮೂಟೆಯಂತೆ ಹೊತ್ತು ಹಿಂದಿನ ಅಂಚಿಗೆ ತಂದು ಇಳಿಸಿತು. ಪೆಟ್ಟೇನೂ ಆಗಲಿಲ್ಲ.

ಆದರೆ ಮರುದಿನದಿಂದ ಅವರ ನಡೆ ಕೆಟ್ಟಿತು. ಎಳೆದಲ್ಲೆಲ್ಲ ಕರಣೆ ಹಸಿ ನೆಲದಲ್ಲಿ ಅಲೆಯೆಬ್ಬಿಸಿತು. ಒಂದೇ ಕೋಣೆಯ ನೆಲವನ್ನು ಎರಡು ಬಾರಿ ಅಗೆದು ಹಾಕಬೇಕಾಯಿತು. “ಕೈ ಎತ್ತೋಕೆ ಹೋದ್ರೆ, ಈಗ ನಾನಾ ಅಂತ ಮಂಡಿ ಕೇಳುತ್ತೆ” ಎಂದರು, ನಾಲ್ಕನೆಯ ದಿನ. ಸ್ಟೂಲಿನ ಮೇಲೆ ಕುಳಿತು ತಮ್ಮ ಅಂಗೈಗಳನ್ನು ಅಪರಿಚಿತರ ಮುಖ ನೋಡುವಂತೆ ನೋಡುತ್ತಿದ್ದರು. ಅತ್ತೆ ನನ್ನನ್ನು ಬಾಗಿಲವರೆಗೆ ಬಿಡಲು ಬಂದು, “ನಲವತ್ತು ವರ್ಷದಲ್ಲಿ ಅವರು ಈ ಪ್ರಶ್ನೇನ ತಮ್ಮನ್ನ ತಾವೇ ಕೇಳ್ಕೊಂಡಿರಲಿಲ್ಲ. ನೀನ್ಯಾಕಪ್ಪಾ ಕೇಳಿಸ್ದೆ?” ಎಂದರು.

ಹನ್ನೆರಡನೆಯ ದಿನ ಬೆಳಿಗ್ಗೆ, ತಪ್ಪಿತಸ್ಥನಾದ ನಾನೂ ಬಕೆಟ್ಟು ಹಿಡಿದು ಅವರ ಜೊತೆ ಹೋಗಿದ್ದೆ. ಹಿಂದಿನ ದಿನ ಕಷ್ಟಪಟ್ಟು ಹಾಕಿದ ಶಾಲೆಯೊಂದರ ನೆಲ. ಭಾರ ತಾಳುವಷ್ಟು ಗಟ್ಟಿಯಾಗಿತ್ತು. ಆದರೆ ಹಸಿಯಿದ್ದಾಗಲೇ ಬೆಕ್ಕೊಂದು ಈ ಗೋಡೆಯಿಂದ ಆ ಕಿಟಕಿಯವರೆಗೆ ನಿರಾತಂಕವಾಗಿ ನಡೆದುಹೋಗಿತ್ತು. ಮಾವ ಬೈಯುತ್ತಾರೆಂದುಕೊಂಡೆ. ಅವರು ಮಂಡಿಯೂರಿ, ಗಲ್ಲ ನೆಲಕ್ಕೆ ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿದರು.

“ಕಾಲು ನಾಲ್ಕು. ಗುರುತು ಎರಡು ಕಾಲಿನಷ್ಟೇ ಇದೆ, ನೋಡು.”

ಹೌದು. ಮುಂಗಾಲು ಬಿಟ್ಟ ಗುಳಿಯಲ್ಲೇ ಹಿಂಗಾಲು ಬಂದು ಕುಳಿತಿತ್ತು.

“ಮುಂದಿನದು ಜಾಗ ನೋಡಿ ಇಡುತ್ತೆ. ಹಿಂದಿನದು ನೋಡೋದೇ ಇಲ್ಲ. ನಂಬಿ ಇಡುತ್ತೆ. ಅಲ್ಲಿಗಾಯ್ತು.”

ಆಮೇಲೆ ಒಂದೊಂದೇ ಗುಳಿಗೆ ತೆಳು ಸಿಮೆಂಟು ತುಂಬಿ ಸವರುತ್ತ, ಬೆಕ್ಕು ಹೋದ ದಾರಿಯಲ್ಲೇ ಹೊರಟರು. ಕಿಟಕಿಯಿಂದ ಬಿದ್ದ ಬಿಸಿಲು ಅವರ ಬೆನ್ನ ಮೇಲೆ ನಿದ್ದೆಗಣ್ಣಿನ ಹಾಗೆ ಮುಚ್ಚಿ ತೆರೆಯಿತು. ಎಲ್ಲೋ ನಡುವೆ ಹಳೆಯ ಆ ಸರಿದಾಟ ಮರಳಿ ಬಂತು. ಯಾವ ಗುಳಿಯ ಬಳಿ ಬಂತೋ ನನಗೆ ತಿಳಿಯಲಿಲ್ಲ, ಅವರಿಗಂತೂ ಗೋಡೆ ಎದುರಾಗುವವರೆಗೆ ತಿಳಿಯಲಿಲ್ಲ. ಒಂದು ಗುರುತನ್ನಾದರೂ ಉಳಿಸಬಹುದಿತ್ತಲ್ಲ ಎಂದೆ. “ಬೆಕ್ಕಿನ ಕೆಲಸ ಬೆಕ್ಕು ಮಾಡ್ತು. ನನ್ನ ಕೆಲಸ ನಾನು ಮಾಡ್ಬೇಡ್ವಾ?” ಎಂದರು.

ಮುಂದಿನ ವಾರ ಅವರಾಗಿಯೇ ಸಂಶೋಧನಾಲಯಕ್ಕೆ ಬಂದರು. ಸಂಶೋಧಕಿ ಈ ಸಲ ತುಟಿ ಬಿಚ್ಚಲಿಲ್ಲ. ಅಳತೆಯೆಲ್ಲ ಮುಗಿದ ಮೇಲೆ ಗೆರೆಗಳ ಹಾಳೆ ತೋರಿಸಿ, “ಅಂಬೆಗಾಲಿಡೋ ಮಗು, ಬೆಕ್ಕು, ನೀವು, ಮೂವರ ನಡಿಗೆಗೂ ನೆಂಟಸ್ತನ ಇದೆ” ಎಂದರು. ಮಾವ ಗೆರೆಗಳನ್ನು ನೋಡಿ, “ಆದ್ರೂ ದೂರದ ನೆಂಟಸ್ತನ ಕಣಮ್ಮ. ಅಂಗೈ ಇಟ್ಟ ಜಾಗಕ್ಕೆ ನಮ್ಮ ಮಂಡಿ ಬಂದು ಮುಟ್ಟಲ್ಲ, ಒಂದು ಗೇಣು ಹಿಂದೇ ಉಳಿಯುತ್ತೆ” ಎಂದರು. ಆಕೆ ಅದನ್ನು ಬರೆದುಕೊಂಡರು. ಮಾವ ಇನ್ನೂ ಆರು ವರ್ಷ ನೆಲ ಹಾಕಿದರು.

ಲೋಕದಲ್ಲಿ ಇಂಥವರದೇ ಒಂದು ಕುಲವಿದೆ. ಅವರು ಬಲ್ಲದ್ದು ಕೀಲುಗಳಲ್ಲಿ, ಅಂಗೈಯ ಚರ್ಮದಲ್ಲಿ ನೆಲೆಸಿರುತ್ತದೆ. ನಾಲಗೆಯವರೆಗೆ ಏರಿ ಬರುವ ಅಗತ್ಯ ಅದಕ್ಕೆ ಬಿದ್ದಿರುವುದಿಲ್ಲ. ನಾವು ಕೇಳಿದೆವೆಂಬ ದಾಕ್ಷಿಣ್ಯಕ್ಕೆ ಹೇಳಹೊರಟು ಒಮ್ಮೊಮ್ಮೆ ಅದನ್ನು ಕಳೆದುಕೊಳ್ಳುತ್ತಾರೆ. ಮರಳಿ ಪಡೆಯುವ ಕಷ್ಟವನ್ನು ತಾವೊಬ್ಬರೇ ಪಡುತ್ತಾರೆ. ಅವರು ಬಾಗಿ ಸವರಿಹೋದ ನೆಲದ ಮೇಲೆ ತಲೆಯೆತ್ತಿ ನಡೆಯುವ ನಾವು, ಕಾಲ ಕೆಳಗೆ ಎಲ್ಲವೂ ಸಮತಟ್ಟಾಗಿರುವುದು ಸೃಷ್ಟಿಯ ಸಹಜ ನಿಯಮವೆಂದೇ ತಿಳಿದಿರುತ್ತೇವೆ.