ಮಾರ್ಗರೆಟ್ ಕುಡಿಯದೆ ಬಿಟ್ಟ ಚಹಾ

ಕೆನೆ ಕಟ್ಟುತ್ತಿದೆ, ಮಾರ್ಗರೆಟ್ ಬಿಟ್ಟುಹೋದ ಚಹಾದ ಮೇಲೆ, ಎ.ಸಿ. ಗಾಳಿಗೆ ಒಂದು ಸಲ ನಡುಗಿ ಸುಮ್ಮನಾಗುತ್ತದೆ, ಕಾಗದದ ಕಪ್ಪು, ಅಂಚು ಒಂದು ಕಡೆ ಒಳಗೆ ಮಡಚಿದೆ, ಅಲ್ಲೇ ಅವರ ಹೆಬ್ಬೆರಳು ಇತ್ತು — ಚೆಲ್ಲಬೇಕು, ಅವರನ್ನು ಟ್ಯಾಕ್ಸಿ ಹತ್ತಿಸಿ ಮಗಳು ಯಶ್ಮಿತಾ ಮೇಲೆ ಬರುವುದರೊಳಗೆ ಚೆಲ್ಲಬೇಕು, ಆದರೆ ನನ್ನ ಕೈಯಲ್ಲಿ ಕೆಂಪು ಪೆನ್ನು, ಮಡಿಲಲ್ಲಿ ಟ್ಯೂಷನ್ನಿನ ಆಶಿತಾಳ ಉತ್ತರಪತ್ರಿಕೆ, ಕಾದಂಬರಿಯಲ್ಲಿ ಪ್ರೀತಿ ಮತ್ತು ಬದಲಾಗುತ್ತಿರುವ ಸಾಮಾಜಿಕ ಮೌಲ್ಯಗಳು, ಹತ್ತು ಅಂಕ, ಮೌಲ್ಯಗಳ ಮೌಲ್ಯಮಾಪನ, ಅದೂ ನನ್ನಿಂದ, ಶುಕ್ರವಾರದ ರಜೆಯಲ್ಲಿ, ಗಲ್ಫಿನ ಈ ಅಲ್ ಅಜೈಬಾದ ಮೂರನೇ ಮಹಡಿಯಲ್ಲಿ. ಚೆನ್ನಾಗಿಯೇ ಬರೆದಿದ್ದಾಳೆ, ನಾಯಕಿಯ ತಾಯಿ ಹುಡುಗನ ಗುಣ ಕೇಳುವ ಮೊದಲು ಕುಲ ಕೇಳುತ್ತಾಳೆ, ಪ್ರೀತಿ ಆ ಗೋಡೆಯನ್ನು ಒಡೆಯುತ್ತದೆ — ನನ್ನದೇ ವಾಕ್ಯ, ಹದಿನೆಂಟು ವರ್ಷದಿಂದ ಬರೆಸುತ್ತಿದ್ದೇನೆ, ಆ ಇಂಗ್ಲಿಷ್ ತಾಯಿಯ ಹಾಗೆ ಮೂಗೆತ್ತಿ ನಡೆದು ತೋರಿಸುತ್ತೇನೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಕುಸುಮ ಮಿಸ್, ಒನ್ಸ್ ಮೋರ್ ಪ್ಲೀಸ್. ಮಾರ್ಗರೆಟ್ ನಗಲಿಲ್ಲ. ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ಬಂದವರು, ಟೀಚರ್, ನನ್ನ ಮಗ ಜೋಸ್ಟನ್ ಒಳ್ಳೆಯವ ಅಂತ ನಾನೇ ಹೇಳಿದ್ರೆ ಎಂಥ ಬೆಲೆ ಉಂಟು, ನೀವೇ ಮಾತಾಡಿ ನೋಡಿ, ನಿಮ್ಮ ಯಶ್ಮಿತಾ ಮತ್ತೆ ಅವ ನಮ್ಮನ್ನು ಬಿಟ್ಟು ಮದುವೆ ಆಗುದು ಬೇಡ, ನಂಗೆ ಅಷ್ಟೇ. ಬುರೈಮಿಯ ಅಂಗಡಿಯಿಂದ ನನ್ನ ಗಂಡ ಭೋಜರಾಜರ ಫೋನು ಮೊದಲೇ ಬಂದಿತ್ತು, ನೀನು ಓದಿದವಳು ಮಾರಾಯ್ತಿ, ನೀನು ಹೂಂ ಅಂದ್ರೆ ಹೂಂ, ಇಲ್ಲಾಂದ್ರೆ ಖಲಾಸ್. ನಾನು ಹೂಂ ಅನ್ನಬೇಕೆಂದೇ ಇದ್ದೆ, ದೇವರಾಣೆ, ಇದ್ದೆ, ಚಹಾ ಮಾಡಲು ಒಳಗೆ ಹೋಗುವವರೆಗೆ ಇದ್ದೆ — ಸ್ಟೀಲ್ ಲೋಟಗಳು ಎದುರಿಗೇ ಇದ್ದವು, ಆರು, ಕೈ ಅವುಗಳನ್ನು ದಾಟಿ ಹಿಂದಕ್ಕೆ ಹೋಯಿತು, ಬರ್ತ್‌ಡೇಗೆ ತಂದು ಉಳಿದ ಕಾಗದದ ಕಪ್ಪಿನ ಕಟ್ಟಿಗೆ, ನಾನಲ್ಲ, ಕೈ, ತೊಳೆಯುವ ಕೆಲಸ ತಪ್ಪಲಿ ಅಂತ, ಸಿಂಕಿನಲ್ಲಿ ಪಾತ್ರೆ ಇತ್ತಲ್ಲ, ಹಾಗಾದರೆ ನನಗೆ, ಯಶ್ಮಿತಾಳಿಗೆ ಸ್ಟೀಲ್ ಲೋಟ ಯಾಕೆ? ಊರಿನ ಕಿನ್ನಿಗೋಳಿ ಮನೆಯಲ್ಲಿ ಅತ್ತೆ ಗಾಜಿನ ಗ್ಲಾಸೊಂದನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿಡುತ್ತಿದ್ದರು, ಅದು ಯಾರಿಗೆಂದು ಯಾರೂ ಹೇಳಬೇಕಾಗಿರಲಿಲ್ಲ, ಹೊಸ ಸೊಸೆ ನಾನು, ಎಂ.ಎ. ಇಂಗ್ಲಿಷು, ಅದನ್ನು ಒಳಗೆ ತಂದು ಮನೆಯ ಗ್ಲಾಸುಗಳ ಜೊತೆ ಬೆರೆಸಿಟ್ಟೆ, ಮೂರು ದಿನ ಬೈಗುಳ ತಿಂದೆ, ಮೂವತ್ತು ವರ್ಷ ಬೀಗಿದೆ. ಆ ಗ್ಲಾಸು ಸಮುದ್ರ ದಾಟಿ ಬಂದಿದೆ, ವೀಸಾ ಇಲ್ಲದೆ, ಹೊಣೆ ನಿಲ್ಲುವ ಕಫೀಲ್ ಇಲ್ಲದೆ, ಸುಧಾರಿಸಿಯೂ ಇದೆ, ಬಳಸಿ ಎಸೆದರಾಯಿತು, ಬೋರಲು ಹಾಕಿಡುವ ನಾಚಿಕೆಯೂ ಇಲ್ಲ. ಮಾರ್ಗರೆಟ್ ನಮ್ಮ ಲೋಟ ನೋಡಿದರು, ತಮ್ಮ ಕಾಗದದ ಕಪ್ಪು ನೋಡಿದರು, ಬಿಸಿಗೆ ಬೆರಳು ಬದಲಿಸಿದರು, ಶುಕ್ರವಾರ ನಂಗೆ ಉಪವಾಸ ಟೀಚರ್, ಮರ್ತೇ ಹೋಯ್ತು ನೋಡಿ ಅಂದರು — ಸಕ್ಕರೆ ಕಡಿಮೆ ಹಾಕಿ ಅಂದಿದ್ದವರು ಅವರೇ. ಬಾಗಿಲು. ಯಶ್ಮಿತಾ. ಎಂಥ ಹೇಳಿದ್ರು ಮಗಾ? ಎಂಥದೂ ಇಲ್ಲಮ್ಮ, ಲಿಫ್ಟಲ್ಲಿ, ನಿನ್ನ ಅಮ್ಮನಿಗೆ ಕೆಲಸ ಜಾಸ್ತಿ, ಪಾಪ, ಅಂದ್ರು ಅಷ್ಟೆ. ಸಿಂಕಲ್ಲಿ ಪಾತ್ರೆ ಇತ್ತು ಮಗಾ. ಗೊತ್ತುಂಟು. ಜಗಳವಾಡಲಿ, ಕೂಗಲಿ, ಇಲ್ಲ, ಅಡುಗೆಮನೆಗೆ ಹೋಗುತ್ತಾಳೆ, ಪ್ಲಾಸ್ಟಿಕ್ ಕಟ್ಟು ಸರಗುಟ್ಟುತ್ತದೆ, ಹೊಸ ಕಾಗದದ ಕಪ್ಪಿನಲ್ಲಿ ಚಹಾ ಹಿಡಿದು ಬಂದು ಮಾರ್ಗರೆಟ್ ಕೂತಲ್ಲೇ ಕೂರುತ್ತಾಳೆ, ಇನ್ನು ನಂಗೂ ಈ ಮನೆಯಲ್ಲಿ ಇದರಲ್ಲೇ ಕೊಡು, ಜೋಸ್ಟನ್ ಮನೆಯವಳಲ್ವಾ ನಾನು. ಕೈ ಸುಡ್ತದೆ, ಕೊಡು ಇಲ್ಲಿ, ಲೋಟಕ್ಕೆ ಹಾಕ್ತೇನೆ ಅನ್ನುತ್ತೇನೆ, ಕೊಡುವುದಿಲ್ಲ, ಬೆರಳು ಬದಲಿಸುತ್ತಾಳೆ, ಅಂಚು ಹಿಡಿಯುತ್ತಾಳೆ, ಕಾಗದ ಮೆಲ್ಲಗೆ ಒಳಗೆ ಮಡಚುತ್ತದೆ, ನನ್ನ ಮಗಳ ಹೆಬ್ಬೆರಳು, ಕೆಂಪಾಗಿ, ಆ ಅಂಚಿನ ಮೇಲೆ, ಹೆಬ್ಬೆರಳು —