ಅರುಂಧತಿಯ ಪಕ್ಕದ ಚುಕ್ಕಿ

ಎದುರುಮನೆಯ ಟ್ಯಾಂಕು ತುಂಬಿ ಹರಿಯುತ್ತಿದೆ, ಯಾರಾದರೂ ಮೋಟರ್ ಆರಿಸಬಾರದೇ, ಆ ಸದ್ದಿಗೆ ಟೆಲಿಸ್ಕೋಪು ನಡುಗಿದರೆ — ಇಲ್ಲ, ತಾರಸಿಯ ಮೇಲೆ ಅದು ಅಲುಗಿಲ್ಲ, ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಗೆಯೇ ಇದೆ, ನಡುವೆ ಗ್ಯಾಲಕ್ಸಿಯ ಮಾಸಲು ಸುರುಳಿ, ಕೋಟ್ಯಂತರ ಸೂರ್ಯರು ಸೇರಿಯೂ ಕೆಂಗೇರಿಯ ಧೂಳಿನಲ್ಲಿ ಸಂಡಿಗೆ ಹಿಟ್ಟು ಒರೆಸಿದ ಕಲೆಯಷ್ಟೇ, ಅದರ ತೋಳಿನ ಮೇಲೆ ಒಂದು ಚುಕ್ಕಿ, ಹೋದ ವಾರದ ಫೋಟೋದಲ್ಲಿ ಇರದಿದ್ದ ಚುಕ್ಕಿ, ಸಿಡಿದ ನಕ್ಷತ್ರ, ಸೂಪರ್‌ನೋವಾ, ಮೊದಲು ಕಂಡವಳು ನಾನು — ನಾನೇನಾ? ನೋಡಿದ್ದೇ ತಡ ಆಕಾಶವೀಕ್ಷಕರ ಗ್ರೂಪಿಗೆ ಹಾಕಿಬಿಟ್ಟೆನಲ್ಲ, ಕಾಣಿಸ್ತು ಅಂತ, ಹಿಂದೆಮುಂದೆ ನೋಡದೆ, ಮದುವೆಯಲ್ಲಿ ಅರುಂಧತಿ ತೋರಿಸಿದಾಗ ಹೇಳುತ್ತಾರಲ್ಲ ಹಾಗೆ — ಅಜ್ಜಿ ತಮ್ಮ ಮದುವೆಯ ಬಗ್ಗೆ ಹೇಳಿದ್ದು, ಮಟಮಟ ಮಧ್ಯಾಹ್ನ ಕಣೇ, ಪುರೋಹಿತರು ಆಕಾಶಕ್ಕೆ ಬೆರಳು ಮಾಡಿ ಕಾಣಿಸ್ತೇನಮ್ಮಾ ಅಂದ್ರು, ನಂಗೋ ಬೆಳಗ್ಗಿಂದ ಉಪವಾಸ, ಕಾಣಿಸ್ತು ಕಾಣಿಸ್ತು, ಎಲೆ ಹಾಕ್ಸಿ ಅಂದ್ಬಿಟ್ಟೆ — ಆಕಾಶದಲ್ಲೊಬ್ಬಳು ಮುದುಕಿ ಕೆಂಡ ಊದಿದಾಗೆಲ್ಲ ಹೊಸ ಚುಕ್ಕಿ ಮೂಡುತ್ತದೆ ಎಂದು ನನ್ನನ್ನು ಮಲಗಿಸುತ್ತಿದ್ದುದೂ ಇದೇ ಅಜ್ಜಿ, ಈ ಗ್ಯಾಲಕ್ಸಿಯೂ ಅದೇ ಅರುಂಧತಿಯ ಪಕ್ಕದಲ್ಲೇ, ಮುದುಕಿ ಈಗಷ್ಟೇ ಊದಿದ್ದಾಳೆ, ಊದಿರಲಿ, ದೇವರೇ. ಕೂಡಲೇ ಗ್ರೂಪಿನಲ್ಲಿ ಬರೆದನಲ್ಲ ಸಮರ್ಥ, ಗಗನಾ ಮೇಡಂ, ಹೋದ್ಸಲದ ಥರ ನಿಮ್ಮ ಕ್ಯಾಮೆರಾ ಹೆತ್ತ ನಕ್ಷತ್ರ ಅಲ್ಲ ತಾನೇ, ಅದರ ಕೆಳಗೆ ನಗುವ ಮುಖಗಳ ಸಾಲು. ಹಳೇ ಕ್ಯಾಮೆರಾ, ಸೆಕೆಗೆ ಕಾದರೆ ಒಳಗಿನ ಯಾವುದೋ ಕಣ ತಾನೇ ಹೊಳೆದು ನಕ್ಷತ್ರದ ವೇಷ ಹಾಕುತ್ತದೆ, ಇವತ್ತೂ ಎಷ್ಟು ಸೆಕೆ. ನಗದವರು ಪದ್ಮನಾಭ ಸಾರ್ ಒಬ್ಬರೇ, ಗ್ರೂಪಿಗೆಲ್ಲ ಹಿರಿಯರು, ಟೆಲಿಸ್ಕೋಪ್ ಒಂಚೂರು ಸರಿಸಿ ಇನ್ನೊಂದು ತೆಗೀಮ್ಮ, ನಕ್ಷತ್ರ ಆದ್ರೆ ಗ್ಯಾಲಕ್ಸಿ ಜೊತೆಗೇ ಸರಿಯುತ್ತೆ, ಕ್ಯಾಮೆರಾದ್ದಾದ್ರೆ ನಿಂತಲ್ಲೇ ನಿಲ್ಲುತ್ತೆ, ಸರಿದ್ರೆ ಈಗ್ಲೇ ನಿನ್ನ ಹೆಸರಲ್ಲಿ ವೀಕ್ಷಣಾಲಯಕ್ಕೆ ಕಳಿಸೋಣ. ಸರಿಸಿದ್ದೇನೆ ಸಾರ್. ಶಟರ್ ತೆರೆದಿದೆ. ರಾಮನಗರದ ಕಡೆಯಿಂದ ಮೋಡ ಏರುತ್ತಿದೆ, ಮುಚ್ಚದಿರಲಿ, ಅಥವಾ ಮುಚ್ಚಿಯೇಬಿಡಲಿ, ಮುಚ್ಚಿದರೆ ಗೊತ್ತಾಗದೇ ಉಳಿಯುತ್ತದೆ — ಥೂ, ಹಾಗೆ ಯೋಚಿಸಬಾರದು. ಏನೇ ಅದು, ಒಲೆ ಮೇಲೆ ಹಾಲಿಟ್ಟೋಳ ಥರ ನಿಂತಿದೀಯ, ಮೆಟ್ಟಿಲ ಬಳಿ ಸಂಡಿಗೆ ಬಟ್ಟೆ ಮಡಿಸುತ್ತಿರುವ ಅಜ್ಜಿ, ಒಂದ್ನಿಮಿಷ ಅಜ್ಜಿ, ಮಾತಾಡಿಸ್ಬೇಡಿ, ಬಂತು, ಚಿತ್ರ ಬಂತು, ಸುರುಳಿ ಸರಿದಿದೆ, ಎಡಕ್ಕೆ, ಮೂಲೆಗೆ, ಪರದೆಯ ಅಂಚಿಗೆ ಅಂಟಿಕೊಂಡಿದೆ, ಚುಕ್ಕಿ ಎಲ್ಲಿ, ಅದರ ತೋಳಿನ ಮೇಲೆ ಇಲ್ಲ, ಇನ್ನೊಮ್ಮೆ ನೋಡು, ಇಲ್ಲ — ನಡುವೆ, ಏನೂ ಇಲ್ಲದ ಕಪ್ಪಿನಲ್ಲಿ, ಒಂದೇ ಒಂದು, ಚೊಕ್ಕವಾಗಿ, ಫೋನು ಗುಂಯ್‌ಗುಡುತ್ತಿದೆ, ಚುಕ್ಕಿ, ನಿಂತಲ್ಲೇ, ಚುಕ್ಕಿ